ಕೆರೆದು ಬರೆದ ತಾರೀಕು

ಹನಗೋಡಿನ ಸುತ್ತಮುತ್ತ ಜೂನ್ ಒಂದನೇ ತಾರೀಕು ಹುಟ್ಟಿದವರನ್ನೆಲ್ಲ ಒಂದು ಕಡೆ ಸೇರಿಸಿದರೆ ಹುಣಸೂರಿಗೆ ಹೋಗುವ ಬಸ್ಸು ಒಂದು ಟ್ರಿಪ್ಪಿಗೆ ಸಾಲುವುದಿಲ್ಲ. ಅಷ್ಟೂ ಜನರನ್ನು ಆವತ್ತು ಹುಟ್ಟಿಸಿದವರು ಮಹದೇವಪ್ಪ ಮೇಷ್ಟ್ರು ಎಂದು ಊರವರು ತಮಾಷೆ ಮಾಡುತ್ತಾರೆ. ಮಾತು ಸುಳ್ಳಲ್ಲ. ಮೂವತ್ನಾಲ್ಕು ವರ್ಷ ಅವರು ಪ್ರೈಮರಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದರು. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ತಾಯಿ "ರಾಗಿ ಕುಯ್ಲಲ್ಲಿ ಉಟ್ಟಿದ್ದು ಸಾ" ಎಂದರೆ ಅವರು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದರು. ವಯಸ್ಸು ಸಾಲದೆ ಬಂದರೆ ಜೂನ್ ಒಂದು ಎಂದು ಬರೆದು ಮಗುವನ್ನು ಒಳಗೆ ಕೂರಿಸುತ್ತಿದ್ದರು. ಒಂದು ವರ್ಷ ಸುಮ್ಮನೆ ಹಾಳಾಗುವುದು ಬೇಡ, ದನದ ಹಿಂದೆ ಹೋಗುವ ಮುಂಚೆ ಬೆಂಚಿನ ಮೇಲೆ ಕೂತಿರಲಿ ಎಂಬುದಷ್ಟೇ ಅವರ ಉದ್ದೇಶ. ಇದರಿಂದ ಯಾರಿಗೂ ಕೆಡುಕಾಗಿದ್ದನ್ನು ಅವರು ಕಂಡಿರಲಿಲ್ಲ. ಒಬ್ಬಿಬ್ಬರು ಸರ್ಕಾರಿ ನೌಕರರು ಒಂದು ವರ್ಷ ಮುಂಚೆಯೇ ನಿವೃತ್ತರಾಗಿ ಮನೆಗೆ ಬಂದಾಗ ಮೇಷ್ಟ್ರನ್ನು ಬೈದದ್ದುಂಟು, ಅಷ್ಟೆ.

ಆ ತಮಾಷೆಗೆ ಮೊದಲು ಅವರೂ ನಗುತ್ತಿದ್ದರು. ಈಗ ನಗುವುದಿಲ್ಲ.

ಮೇ ಇಪ್ಪತ್ತರ ಬೆಳಗ್ಗೆ ಫೋನು ಬಂದಾಗ ಮೇಷ್ಟ್ರು ಜಗಲಿಯ ಮೇಲೆ ಕೂತು ಮೊಮ್ಮಗಳು ಸಿಂಚನಳಿಗೆ ರಾಗಿ ಸರಿ ತಿನ್ನಿಸುತ್ತಿದ್ದರು. ಎರಡು ವರ್ಷಕ್ಕೆ ಸಮೀಪಿಸಿದ ಮಗು, ಮಾತಿನಲ್ಲಿ ಮೂರು ವರ್ಷದ್ದನ್ನು ಮೀರಿಸುತ್ತದೆ. ಕಾಗೆ, ಬಸ್ಸು, ಟ್ರ್ಯಾಕ್ಟರು, ಎದುರುಮನೆಯ ಕರು, ಎಲ್ಲದರ ಹೆಸರೂ ಗೊತ್ತು. ಕಾಲು ಮಾತ್ರ ಊರುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿದರೆ ಕೂರುತ್ತದೆ. ಒರಗು ತಪ್ಪಿದರೆ ಪಕ್ಕಕ್ಕೆ ವಾಲಿ ಮಲಗುತ್ತದೆ, ತಾನಾಗಿ ಏಳಲಾರದು. ಹಾಗೆ ಬಿದ್ದಾಗ ಅಳುವುದೂ ಇಲ್ಲ. "ತಾತ, ಎತ್ತು" ಎಂದು ಕರೆದು ಕಾಯುತ್ತದೆ.

ಫೋನು ಮಾಡಿದವಳು ಅನುಶ್ರೀ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ವಂಶವಾಹಿ ರೋಗಗಳ ವಿಭಾಗದ ಕೌನ್ಸೆಲರ್. ಮೈಸೂರಿನ ಹುಡುಗಿಯಾದ್ದರಿಂದ ಈ ಕಡೆಯ ಮನೆಗಳಿಗೆಲ್ಲ ಅವಳನ್ನೇ ಕಳಿಸುತ್ತಿದ್ದರು. ಹತ್ತು ತಿಂಗಳ ಹಿಂದೆ ಇದೇ ಜಗಲಿಯ ಮೇಲೆ ಕೂತು ಕಾಯಿಲೆಯನ್ನು ಬಿಡಿಸಿ ಹೇಳಿದ್ದಳು. ಮನುಷ್ಯನ ಒಳಗೆ ಪ್ರತಿ ಪುಸ್ತಕಕ್ಕೂ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದರಲ್ಲಿ ಒಂದು ಪುಟ ಇಲ್ಲದಿದ್ದರೂ ದೇಹ ಇನ್ನೊಂದನ್ನು ನೋಡಿಕೊಂಡು ಕೆಲಸ ನಡೆಸುತ್ತದೆ. ಎರಡರಲ್ಲೂ ಅದೇ ಪುಟ ಇಲ್ಲದಿದ್ದರೆ ಬೆನ್ನುಹುರಿಯ ನರಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ. ತಲೆ ಚುರುಕಾಗಿಯೇ ಇರುತ್ತದೆ, ಅದು ಹೇಳಿದ್ದನ್ನು ಕೈಕಾಲು ಕೇಳುವುದಿಲ್ಲ. ಮೇಷ್ಟ್ರಾಗಿದ್ದವರಿಗೆ ಪುಸ್ತಕದ ಮಾತು ಥಟ್ಟನೆ ಅರ್ಥವಾಯಿತು. ಮುಂದಿನ ಮಾತೂ ಅರ್ಥವಾಯಿತು. ಅವರ ಮಗ ಸ್ವಾಮಿ ಮದುವೆಯಾಗಿದ್ದು ಅವರದೇ ತಂಗಿ ರುಕ್ಮಿಣಮ್ಮನ ಮಗಳು ಶಾಂತಲಾಳನ್ನು. ರಕ್ತ ಪರೀಕ್ಷೆ ಮಾಡಿದಾಗ ಪುಟ ಇಲ್ಲದ ಪ್ರತಿ ಅಣ್ಣ ತಂಗಿ ಇಬ್ಬರಲ್ಲೂ ಸಿಕ್ಕಿತು. ಮನೆ ಹುಡುಗಿ ಮನೆಗೇ ಬರಲಿ ಎಂದು ಆ ಮದುವೆಗೆ ಪಟ್ಟು ಹಿಡಿದವರೂ ಮೇಷ್ಟ್ರೇ.

ಇಲ್ಲದ ಪುಟವನ್ನು ನಿರಪಾಯ ಮಾಡಿದ ಒಂದು ವೈರಸ್ಸಿನೊಳಗೆ ತುಂಬಿಸಿ, ಡ್ರಿಪ್ಪಿನಲ್ಲಿ ಒಂದೇ ಒಂದು ಸಲ ಮೈಗೆ ಬಿಡುವ ಔಷಧಿಯುಂಟು. ಹಣ ಕೊಟ್ಟು ತರುವ ಮಾತು ಹನಗೋಡಿನಲ್ಲಿ ಯಾರೂ ಆಡುವಂತಿರಲಿಲ್ಲ. ಅಪರೂಪದ ಕಾಯಿಲೆಗಳಿಗೆ ಸರ್ಕಾರ ಕೊಡುವ ನೆರವಿಗೆ ಒಂದು ಮಿತಿ ಇದೆ, ಈ ಔಷಧಿ ಆ ಮಿತಿಯಿಂದ ಬಹಳ ದೂರ. ಆದರೆ ಅನುಶ್ರೀಯ ಆಸ್ಪತ್ರೆಯಲ್ಲಿ ಇದೇ ಬಗೆಯ ಹೊಸ ಔಷಧಿಯೊಂದರ ಪ್ರಯೋಗ ನಡೆಯುತ್ತಿತ್ತು. ಹನ್ನೆರಡು ಮಕ್ಕಳಿಗೆ, ಉಚಿತವಾಗಿ. ಅದರಲ್ಲಿ ಸಿಂಚನಳ ಹೆಸರಿತ್ತು. ಸತ್ತ ನರ ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಷರತ್ತು ಬಿಗಿಯಾಗಿತ್ತು, ಔಷಧಿ ಕೊಡುವ ದಿನ ಮಗುವಿಗೆ ಎರಡು ವರ್ಷ ತುಂಬಿರಬಾರದು. ಮೇ ಇಪ್ಪತ್ತೆರಡಕ್ಕೆ ದಿನ ಗೊತ್ತಾಗಿತ್ತು. ಶಾಂತಲಾ ಮಗುವಿನ ಬಟ್ಟೆ ಒಗೆದು ಬ್ಯಾಗಿಗೆ ತುಂಬಿದ್ದಳು.

"ಸರ್, ಔಷಧಿ ತರಿಸೋಕೆ ಪರವಾನಗಿ ಬರೋದು ತಡ ಆಯ್ತು. ಈಗ ಜೂನ್ ಐದು ಅಂತ ಹೇಳ್ತಿದ್ದಾರೆ," ಎಂದಳು ಅನುಶ್ರೀ. "ಪಾಪುಗೆ ಮೇ ಇಪ್ಪತ್ತೆಂಟಕ್ಕೇ ಎರಡು ತುಂಬುತ್ತೆ ಸರ್. ಪಟ್ಟಿಯಿಂದ ಹೆಸರು ತೆಗೀಬೇಕಾಗುತ್ತೆ," ಎಂದಳು.

ಸಿಂಚನ ಹುಟ್ಟಿದ್ದು ಮೇ ಇಪ್ಪತ್ತೆಂಟಕ್ಕಲ್ಲ. ಜೂನ್ ಒಂಬತ್ತಕ್ಕೆ. ಐದಕ್ಕೆ ಔಷಧಿ ಬಿದ್ದರೆ ಇನ್ನೂ ನಾಲ್ಕು ದಿನ ಉಳಿಯುತ್ತಿತ್ತು.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂದು ಶಾಂತಲಾ ಕೋಟೆ ತಾಲೂಕಿನ ಎನ್. ಬೇಗೂರಿಗೆ ಹೋಗಿದ್ದಳು. ಆಸ್ಪತ್ರೆಗೆ ಗಾಡಿ ಗೊತ್ತುಮಾಡುವ ಮುಂಚೆಯೇ, ಮಧ್ಯಾಹ್ನದ ಹೊತ್ತಿಗೆ, ಮಗು ರುಕ್ಮಿಣಮ್ಮನ ಕೈಗೆ ಬಂದಿತು. ನಾಲ್ಕನೆಯ ದಿನ ಮೇಷ್ಟ್ರು ನೋಡಲು ಹೋದರು. ತೊಟ್ಟಿಲ ಮುಂದೆ ನಿಂತವರಿಗೆ ಮೊದಲು ಹೊಳೆದದ್ದು, ಆರು ವರ್ಷದ ಮೇಲೆ ಶಾಲೆಗೆ ಸೇರಿಸುವಾಗ ಜೂನ್ ಒಂದಕ್ಕೆ ಈ ಕೂಸಿಗೆ ಎಂಟು ದಿನ ಕಮ್ಮಿ ಬೀಳುತ್ತದೆ ಎಂಬುದು. ಎಂಟು ದಿನಕ್ಕೆ ಒಂದು ವರ್ಷ ಹೋಗುತ್ತದೆ. ಆ ಭಾಗದ ಗ್ರಾಮ ಲೆಕ್ಕಿಗ ಧರ್ಮೇಂದ್ರ ಅವರ ಹಳೆಯ ಶಿಷ್ಯ. ಮೇಷ್ಟ್ರು ಆ ಊರಿನಲ್ಲಿ ಆರು ವರ್ಷ ಪಾಠ ಹೇಳಿದ್ದರು, ತಂಗಿಯನ್ನು ಅಲ್ಲಿಗೆ ಕೊಟ್ಟದ್ದೂ ಆಗಲೇ. ಜನನ ಬರೆಸಲು ಹೋದಾಗ ಅವನು "ಯಾವತ್ತು ಆಕ್ಲಿ ಸಾ?" ಎಂದು ನಕ್ಕ. ಅವನದೂ ಜೂನ್ ಒಂದೇ. ಊರವರ ತಮಾಷೆಗೆ ಈ ಕೂಸೂ ಸಿಗುವುದು ಬೇಡವೆಂದು ಮೇಷ್ಟ್ರು ಮೇ ಇಪ್ಪತ್ತೆಂಟು ಎಂದರು. ಆಶಾ ಕಾರ್ಯಕರ್ತೆ ಸುನಂದಮ್ಮ ಅಷ್ಟರಲ್ಲಿ ತಾಯಿ ಕಾರ್ಡಿನಲ್ಲಿ ಒಂಬತ್ತು ಎಂದು ಬರೆದುಬಿಟ್ಟಿದ್ದಳು. ಮೇಷ್ಟ್ರು ಅರ್ಧ ಬ್ಲೇಡು ತರಿಸಿ, ಅಂಕಿಯನ್ನು ನಯವಾಗಿ ಕೆರೆದು, ಉಗುರಿನಿಂದ ಉಜ್ಜಿ, ಅವಳದೇ ಓರೆ ಅಕ್ಷರದಲ್ಲಿ ಹೊಸ ತಾರೀಕು ಬರೆದರು. ಸುನಂದಮ್ಮ ತನ್ನ ಪುಸ್ತಕದಲ್ಲೂ ಅದನ್ನೇ ಮಾಡಿಕೊಂಡಳು. ತಿದ್ದಿದ ಕಡೆ ಪಕ್ಕದಲ್ಲಿ ಸಹಿ ಹಾಕದ ದಾಖಲೆ ದಾಖಲೆಯೇ ಅಲ್ಲ ಎಂದು ಮೂವತ್ನಾಲ್ಕು ವರ್ಷ ಬೇರೆ ಮೇಷ್ಟ್ರುಗಳಿಗೆ ಹೇಳುತ್ತ ಬಂದ ಮನುಷ್ಯ ಆ ದಿನ ಸಹಿ ಹಾಕಲಿಲ್ಲ.

ಫೋನು ಇಟ್ಟ ಮೇಲೆ ಅವರು ಶಾಂತಲಾಳನ್ನು ಕರೆದು ವಿಷಯ ಹೇಳಿದರು. ಅವಳು ಮಗುವಿನ ಬಾಯಿ ಒರೆಸಿದಳು.

"ಸರಿ ಮಾಡ್ಸಕಾಯ್ತದ ಮಾವ?"

"ಆಯ್ತದೆ ಕಣವ್ವ. ನಾನೇ ಓಗಿ ಬತ್ತೀನಿ."

ಹುಣಸೂರಿಗೊಂದು ಬಸ್ಸು, ಕೋಟೆಗೆ ಇನ್ನೊಂದು, ಬೇಗೂರಿಗೆ ಮತ್ತೊಂದು. ಎಪ್ಪತ್ತೊಂದರ ಮೈಗೆ ಅದು ಸಣ್ಣ ದಾರಿಯಲ್ಲ. ಧರ್ಮೇಂದ್ರ ಮೇಷ್ಟ್ರನ್ನು ಕಂಡು ಕುರ್ಚಿ ಬಿಟ್ಟು ಎದ್ದ, ಟೀ ತರಿಸಿದ. ವಿಷಯ ಕೇಳಿದ ಮೇಲೆ ಟೀ ಕುಡಿಯಲಿಲ್ಲ.

"ಕಂಪ್ಯೂಟರ್‌ಗೆ ಏರುದ್ಮೇಲೆ ನಾವು ಮುಟ್ಟಂಗಿಲ್ಲ ಸಾ. ತಿದ್ದುಪಡಿಗೆ ಅಫಿಡವಿಟ್ಟು ಬೇಕು, ಆವತ್ತಿನ ದಾಖ್ಲೆ ಬೇಕು, ಮೇಲಿನವ್ರ ಆದೇಶ ಬೇಕು. ಏನಿಲ್ಲ ಅಂದ್ರೂ ಎಲ್ಡು ತಿಂಗ್ಳು."

"ನಾನೇ ಸುಳ್ ಏಳಿ ಬರ್ಸಿದ್ದು ಅಂತ ಬರ್ಕೊಡ್ತೀನಿ ಕಣಪ್ಪ."

"ಬರ್ಕೊಟ್ರೆ ನಿಮ್ ಮೇಲೆ ಕೇಸಾಗ್ಬೌದು. ನನ್ ಕೆಲ್ಸಕ್ಕೂ ಬಂದಾತು." ಅವನು ಮೇಜಿನ ಮೇಲಿದ್ದ ಬಿಳಿ ಹಾಳೆಯೊಂದನ್ನು ಮೇಷ್ಟ್ರ ಕಡೆ ಸರಿಸಿದ. "ಆಗ್ಲಿ ಬುಡಿ ಸಾ, ಬರ್ಕೊಡಿ. ಮಗೀಗೆ ಒಳ್ಳೇದಾಗೋದಾದ್ರೆ ನಾನೂ ಸಹಿ ಆಕ್ತೀನಿ."

ಶಿಷ್ಯನ ಮುಖ ನೋಡಲು ಮೇಷ್ಟ್ರಿಗೆ ನಾಚಿಕೆಯಾಯಿತು. ಅಲ್ಲೇ ಕೂತು ಒಂದು ಪುಟ ಬರೆದರು, ಇಬ್ಬರೂ ಸಹಿ ಹಾಕಿದರು.

ತಂಗಿಯ ಮನೆಯಲ್ಲಿ ಹುಡುಕಿದರೂ ಆವತ್ತಿನ ದಾಖಲೆ ಏನೂ ಸಿಗಲಿಲ್ಲ. ಹನ್ನೊಂದು ದಿನ ಕಳೆಯುವ ತನಕ ಎಳೆಗೂಸಿನ ಫೋಟೋ ತೆಗೆದರೆ ದೃಷ್ಟಿಯಾಗುತ್ತದೆಂದು ರುಕ್ಮಿಣಮ್ಮ ಯಾರ ಕೈಗೂ ಫೋನು ಕೊಟ್ಟಿರಲಿಲ್ಲ. "ನಾನೇ ಬ್ಯಾಡ ಅಂದೆ ಕಣಣ್ಣಯ್ಯ," ಎಂದು ಅವಳು ಬಾಗಿಲಲ್ಲಿ ಕೂತಳು. "ನನ್ ಕೈಯಾರ ಎತ್ಕಂಡಿದ್ದು. ನಾನ್ ಏಳುದ್ರೆ ಸಾಲ್ದಾ?"

ಸಾಲುವುದಿಲ್ಲವೆಂದು ಗೊತ್ತಿದ್ದೂ ಅವರು ಅವಳ ಮಾತನ್ನು ಒಂದು ಹಾಳೆಯಲ್ಲಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಮುದ್ದೆ ಇಕ್ಕಿದಳು, ಉಂಡರು. ಹಿಂದಿರುಗುವ ಬಸ್ಸಿನಲ್ಲಿ ಅಂತರಸಂತೆ ಬರುವ ಹೊತ್ತಿಗೆ ನಿದ್ದೆ ಹತ್ತಿತ್ತು. ಸಂತೆ ಮುಗಿಸಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಬುಟ್ಟಿ ಇಟ್ಟಾಗ ಎಚ್ಚರವಾಗಿ, ಒಂದು ಗಳಿಗೆ ತಾವು ಯಾತಕ್ಕೆ ಬಂದದ್ದೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ಮತ್ತೆ ನಿದ್ದೆ ಬರಲಿಲ್ಲ.

ಅನುಶ್ರೀ ಇಪ್ಪತ್ತಾರಕ್ಕೆ ಹನಗೋಡಿಗೇ ಬಂದಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಪಟ್ಟಿಯಲ್ಲಿದ್ದ ಇನ್ನಿಬ್ಬರು ಮಕ್ಕಳ ಮನೆಗೂ ಇಂಥದೇ ಸುದ್ದಿ ಹೊತ್ತು ಹೋಗಿ ಬಂದಿದ್ದಳು. ಸ್ವಾಮಿ ಹೊಗೆಸೊಪ್ಪಿನ ಸಸಿ ನಾಟಿಯನ್ನು ಆಳುಗಳಿಗೆ ಬಿಟ್ಟು ಕೆಸರುಗಾಲಲ್ಲೇ ಬಂದು ನಿಂತ. ಶಾಂತಲಾ ತನ್ನ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ತವರುಮನೆಯ ಹಿತ್ತಲಿನಲ್ಲಿ ತುಂಬಿದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾಳೆ. ಹೆರಿಗೆಗೆ ಮೂರು ದಿನ ಮುಂಚೆ, ಪಕ್ಕದ ಮನೆಯ ಹುಡುಗಿ ತೆಗೆದದ್ದು. ಆ ಹುಡುಗಿಯ ಫೋನು ಕೆಟ್ಟು ಹೋಗಿ ಬಹಳ ದಿನವಾಗಿತ್ತು, ಯಾರಿಂದಲೋ ಯಾರಿಗೋ ದಾಟಿ ಬಂದ ಫೋಟೋದಲ್ಲಿ ತೆಗೆದ ದಿನದ ಬದಲು ಹೋದ ವರ್ಷದ ತಾರೀಕಿತ್ತು.

"ಆವಾಗ್ಲೇ ಬರೆದಿದ್ದು, ಮುಟ್ಟದೇ ಇರೋದು ಏನಾದ್ರೂ ಇದ್ಯಾ ಅಕ್ಕ? ತಾಯಿ ಕಾರ್ಡ್?"

ಶಾಂತಲಾ ಒಳಗಿನಿಂದ ಕಾರ್ಡು ತಂದಳು. ಅನುಶ್ರೀ ಅದನ್ನು ಅಂಗಳದ ಬಿಸಿಲಿಗೆ ಎತ್ತಿ ಹಿಡಿದಳು. ಹುಟ್ಟಿದ ದಿನಾಂಕದ ಜಾಗದಲ್ಲಿ ಕಾಗದ ತೆಳ್ಳಗಾಗಿ ಬೆಳಕು ಕಂಡಿತು. ಅವಳು ತಿರುಗಿ ಯಾರನ್ನೂ ನೋಡಲಿಲ್ಲ.

"ಆ ಕೆಲ್ಸ ನಂದೇ ಕಣಮ್ಮ," ಎಂದರು ಮೇಷ್ಟ್ರು. "ಚೆನ್ನಾಗಿ ಮಾಡಿದೀನಿ."

ಅವರ ಪತ್ರ, ಧರ್ಮೇಂದ್ರನ ಸಹಿ, ರುಕ್ಮಿಣಮ್ಮನ ಹೆಬ್ಬೆಟ್ಟು, ಕೆರೆದ ಕಾರ್ಡು ಎಲ್ಲವನ್ನೂ ಅವಳು ತೆಗೆದುಕೊಂಡು ಹೋದಳು. ಪ್ರಯೋಗದ ಮೇಲ್ವಿಚಾರಣೆಗೊಂದು ಕಮಿಟಿ ಇದೆ, ಅದರ ಮುಂದಿಡುತ್ತೇನೆ ಎಂದಳು. ತುಂಬಿಟ್ಟ ಬ್ಯಾಗು ಆ ಆರೇಳು ದಿನವೂ ಬಾಗಿಲ ಹಿಂದೆ ಹಾಗೇ ಇತ್ತು. ಮೇಷ್ಟ್ರು ಮೂರು ಹೊತ್ತೂ ಫೋನನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ತಿರುಗಿದರು, ಸ್ನಾನಕ್ಕೆ ಹೋದರೆ ಬಚ್ಚಲ ಗೂಡಿನಲ್ಲಿ ಇಟ್ಟುಕೊಂಡರು. ಮೇ ಇಪ್ಪತ್ತೆಂಟು ಬಂದು ಹೋಯಿತು. ಅಂಗನವಾಡಿಯ ಟೀಚರು ರಿಜಿಸ್ಟರಿನಲ್ಲಿ ನೋಡಿಕೊಂಡು ಬಂದು ಮಗುವಿಗೆ ಚಾಕಲೇಟು ಕೊಟ್ಟು ಹ್ಯಾಪಿ ಬರ್ತ್‌ಡೇ ಹೇಳಿದಳು. ಶಾಂತಲಾ ತಲೆಯಾಡಿಸಿದಳು.

ಜೂನ್ ಎರಡರ ಸಂಜೆ ಫೋನು ಬಂತು.

"ಆಗ್ಲಿಲ್ಲ ಸರ್," ಎಂದಳು ಅನುಶ್ರೀ. "ನಾನು ನಂಬ್ತೀನಿ. ಡಾಕ್ಟ್ರೂ ನಂಬ್ತಾರೆ. ಕಮಿಟಿಯೋರು ಕೇಳಿದ್ದು ಒಂದೇ. ಆವತ್ತು ಮಗೂಗೆ ಒಳ್ಳೇದಾಗ್ಲಿ ಅಂತ ತಾರೀಕು ಬದಲಾಯಿಸಿದೋರು, ಇವತ್ತೂ ಮಗೂಗೆ ಒಳ್ಳೇದಾಗ್ಲಿ ಅಂತಲೇ ಬದಲಾಯಿಸ್ತಿಲ್ಲ ಅನ್ನೋಕೆ ಏನು ಆಧಾರ ಅಂತ."

ಹೆಡ್ಮಾಸ್ಟರ್ ಕುರ್ಚಿಯಲ್ಲಿ ಕೂತಿದ್ದರೆ ಮೇಷ್ಟ್ರೂ ಅದನ್ನೇ ಕೇಳುತ್ತಿದ್ದರು. ಬದುಕಿನಲ್ಲಿ ಅಷ್ಟು ದೊಡ್ಡ ನಿಜ ಅವರು ಹೇಳಿದ್ದು ಅದೇ ಮೊದಲು, ಅದನ್ನೇ ಯಾರೂ ತೆಗೆದುಕೊಳ್ಳಲಿಲ್ಲ. ಸಿಂಚನಳ ಜಾಗ ಕಾಯುತ್ತಿದ್ದವರ ಪಟ್ಟಿಯಲ್ಲಿ ಮೊದಲಿದ್ದ ಮಗುವಿಗೆ ಹೋಯಿತು. ಆ ಮಗು ಎಲ್ಲಿಯದು ಎಂದು ಮೇಷ್ಟ್ರು ಕೇಳಲಿಲ್ಲ. ಚೆನ್ನಾಗಿರಲಿ ಎಂದುಕೊಳ್ಳಲು ನೋಡಿದರು, ಮನಸ್ಸು ಒಪ್ಪಲಿಲ್ಲ, ಅದಕ್ಕೂ ಬೇಸರಪಟ್ಟುಕೊಂಡರು.

ಸ್ವಾಮಿ ಒಂದೇ ಒಂದು ಸಲ ಬಾಯಿ ಬಿಟ್ಟ. ನಾಟಿ ಮುಗಿಸಿ ಬಂದು ಕೈ ತೊಳೆಯುತ್ತಿದ್ದವನು ತಲೆ ಎತ್ತದೆ, "ಊರ್ ಮಕ್ಳಿಗೆಲ್ಲ ವರ್ಸ ಉಳ್ಸಿದ್ರಿ ಅಪ್ಪ," ಎಂದ. ಆಮೇಲೆ ಚೊಂಬಿನಲ್ಲಿದ್ದ ನೀರನ್ನು ಪೂರ್ತಿ ಚೆಲ್ಲಿ ಒಳಗೆ ಹೋದ. ಶಾಂತಲಾ ಅಷ್ಟೂ ಹೇಳಲಿಲ್ಲ. ಹೊತ್ತು ಹೊತ್ತಿಗೆ ಮಾವನಿಗೆ ಊಟ ಬಡಿಸಿದಳು, ಕಾಫಿ ಕೊಟ್ಟಳು, ಬಿ.ಪಿ. ಮಾತ್ರೆ ನೆನಪು ಮಾಡಿದಳು. ಬೈದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಬಹುದಿತ್ತು. ಬಡಿಸಿದ ಮುದ್ದೆಯನ್ನು ಎದುರಿಗೆ ಇಟ್ಟುಕೊಂಡು ಅವರು ಬಹಳ ಹೊತ್ತು ಕೂರುತ್ತಿದ್ದರು.

ಐದನೇ ತಾರೀಕು ಮಾಮೂಲಿನಂತೆ ಕಳೆಯಿತು. ಆ ಸಂಜೆ ಶಾಂತಲಾ ಬ್ಯಾಗು ಬಿಚ್ಚಿ ಬಟ್ಟೆಗಳನ್ನು ಬೀರುವಿನಲ್ಲಿಟ್ಟಳು.

ಒಂಬತ್ತಕ್ಕೆ ಅನುಶ್ರೀ ಮತ್ತೆ ಬಂದಳು. ಈ ಸಲ ತಂದದ್ದು ಬೇರೆ ಅರ್ಜಿ. ದಿನಾ ಬಾಯಿಗೆ ಹಾಕುವ ಒಂದು ಔಷಧಿ ಇದೆ, ಇಲ್ಲದ ಪುಟವನ್ನು ಅದು ತಂದುಕೊಡುವುದಿಲ್ಲ, ಉಳಿದ ನರಗಳನ್ನು ಕಾಯುತ್ತದೆ. ಜೀವ ಇರುವ ತನಕ ಕೊಡಬೇಕು. ಸರ್ಕಾರದ ನೆರವಿಗೆ ಅರ್ಜಿ ಹಾಕಿದರೆ ಸರದಿ ಬರಬಹುದು, ಬಂದರೂ ಎಷ್ಟು ದಿನ ನಡೆಯುತ್ತದೋ ಹೇಳಲಾಗುವುದಿಲ್ಲ. ಅವಳು ಏನನ್ನೂ ಬಣ್ಣ ಕಟ್ಟಿ ಹೇಳಲಿಲ್ಲ, ಅದಕ್ಕೆ ಬೇಕಾದ ತ್ರಾಣವೂ ಅವಳಲ್ಲಿ ಇದ್ದಂತೆ ಕಾಣಲಿಲ್ಲ.

ಶಾಂತಲಾ ಜಗಲಿಯ ಮೇಲೆ ಕೂತು ಅರ್ಜಿ ತುಂಬಿದಳು. ಹುಟ್ಟಿದ ದಿನಾಂಕದ ಹತ್ತಿರ ಪೆನ್ನು ನಿಂತಿತು.

"ಆಧಾರಲ್ಲಿ ಇರೋದೇ ಬರೀರಿ ಅಕ್ಕ," ಎಂದಳು ಅನುಶ್ರೀ. "ಒಂದಕ್ಕೊಂದು ಹೊಂದದೇ ಇದ್ರೆ ವಾಪಸ್ ಕಳಿಸ್ತಾರೆ. ತಿದ್ದುಪಡಿಗೂ ಹೋಗ್ಬೇಡಿ. ಇನ್ನು ಎಲ್ಲಾ ಕಡೆ ಅದೇ ಇರ್ಲಿ."

ಶಾಂತಲಾ ಇಪ್ಪತ್ತೆಂಟು, ಐದು ಎಂದು ಬರೆದಳು. ಅನುಶ್ರೀ ಕಾಗದಗಳನ್ನೆಲ್ಲ ಜೋಡಿಸಿಕೊಂಡು, ತಾಯಿ ಕಾರ್ಡನ್ನು ವಾಪಸ್ಸು ಕೊಟ್ಟು, ಸಿಂಚನಳ ಕೆನ್ನೆ ಮುಟ್ಟಿ ಹೊರಟಳು.

ಮಧ್ಯಾಹ್ನ ಮನೆಯಲ್ಲಿ ಶಾವಿಗೆ ಪಾಯಸದ ವಾಸನೆ ಬಂತು. ಮೇಷ್ಟ್ರು ಒಳಗೆ ಹೋಗಲು ಧೈರ್ಯವಾಗದೆ ಮೊಮ್ಮಗಳ ಪಕ್ಕದಲ್ಲೇ ಕೂತಿದ್ದರು. ಮಗು ಗೋಡೆಗೆ ಒರಗಿ ಎದುರುಮನೆಯ ಕರುವನ್ನು ಹೆಸರು ಹಿಡಿದು ಕರೆಯುತ್ತಿತ್ತು. ಶಾಂತಲಾ ಬಟ್ಟಲು ತಂದು ಮಗುವಿನ ಬಾಯಿಗೆ ಒಂದು ಚಮಚ ಹಾಕಿ, "ಇವತ್ತು ನಿಂದು ಉಟ್ಟಿದಬ್ಬ ಕಣೇ," ಎಂದಳು. ಇನ್ನೊಂದು ಬಟ್ಟಲನ್ನು ಮಾವನ ಮುಂದಿಟ್ಟಳು. ಸೆರಗಿನ ಮರೆಯಿಂದ ತಾಯಿ ಕಾರ್ಡನ್ನೂ ಪೆನ್ನನ್ನೂ ತೆಗೆದು ಅದರ ಪಕ್ಕದಲ್ಲಿಟ್ಟಳು.

"ಸರಿ ಮಾಡಿ ಮಾವ."

"ಇನ್ ಯಾತಕ್ಕವ್ವ? ಇದ್ನ ಯಾರೂ ಕೇಳಲ್ಲ."

"ಕೇಳ್ದಿದ್ರೆ ಬುಡ್ಲಿ. ನಾನ್ ಎತ್ತ ದಿನ ಒಂದ್ ಕಡೆನಾದ್ರೂ ನಿಜವಾಗಿ ಇರ್ಲಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಮಿಟಿ ಒಪ್ಪದ ಮೇಲೆ ಅವಳು ಅವರನ್ನು ಕೇಳಿದ್ದು ಇದೊಂದೇ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಕಾರ್ಡನ್ನು ತೊಡೆಯ ಮೇಲೆ ಹರಡಿದರು. ಕೆರೆದ ಜಾಗ ಇನ್ನೊಂದು ಗೀರನ್ನು ತಾಳುವಂತಿರಲಿಲ್ಲ. ಮೇ ಇಪ್ಪತ್ತೆಂಟರ ಮೇಲೆ ಒಂದು ತೆಳುವಾದ ಗೆರೆ ಎಳೆದರು, ಕೆಳಗೆ ಏನಿತ್ತೆಂದು ಯಾರಿಗಾದರೂ ಕಾಣುವಂತೆ. ಪಕ್ಕದ ಖಾಲಿ ಜಾಗದಲ್ಲಿ ತಮ್ಮದೇ ದುಂಡು ಅಕ್ಷರದಲ್ಲಿ ಜೂನ್ ಒಂಬತ್ತು, ಎರಡು ಸಾವಿರದ ಇಪ್ಪತ್ತಮೂರು ಎಂದು ಬರೆದರು. ತಿದ್ದಿದವರು ಮಹದೇವಪ್ಪ, ಮಗುವಿನ ತಾತ ಎಂದು ಬರೆದು ಸಹಿ ಹಾಕಿದರು.

ಸಹಿಯ ಕೆಳಗೆ ಆ ದಿನದ ತಾರೀಕು ಹಾಕುವುದು ಪದ್ಧತಿ. ಜೂನ್ ಒಂಬತ್ತು, ಎರಡು ಸಾವಿರದ ಇಪ್ಪತ್ತೈದು. ಬರೆದು ಮುಗಿಸಿದ ಮೇಲೆ ಎರಡು ತಾರೀಕುಗಳು ಒಂದರ ಕೆಳಗೊಂದು ಕಂಡವು. ನಿಜವಾದ ಲೆಕ್ಕದಲ್ಲೂ ಮಗುವಿಗೆ ಎರಡು ತುಂಬಿತ್ತು. ಅವರು ಕನ್ನಡಕ ತೆಗೆದು ಅತ್ತರು. ಶಾಂತಲಾ ಕಾರ್ಡಿನ ಮೇಲೆ ಕಣ್ಣೀರು ಬೀಳದಂತೆ ಮೆಲ್ಲಗೆ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಶಾಯಿ ಆರಲಿ ಎಂದು ಊದಿದಳು.

ಸಿಂಚನ ತಾತನನ್ನು ನೋಡಲೆಂದು ತಿರುಗಲು ಹೋಗಿ ಪಕ್ಕಕ್ಕೆ ವಾಲಿ ಮಲಗಿತು. "ತಾತ, ಎತ್ತು," ಎಂದಿತು. ಅವರು ಎತ್ತಿದರು.